ಪರದೆಗೆ ಅಡ್ಡ ಬಂದ ತಲೆ

ಅಂಕೋಲೆಯ ಟಾಕೀಸಿನಲ್ಲಿ ಯಾರೋ ಹೊಸ ಸಿನಿಮಾವನ್ನು ಪೂರ್ತಿ ಮೊಬೈಲಿನಲ್ಲಿ ಹಿಡಿದು ಇಂಟರ್‌ನೆಟ್ಟಿಗೆ ಬಿಟ್ಟರು. ಸಿನಿಮಾ ಕಂಪನಿ ಕೇಸು ಹಾಕಿತು.

ಆ ಕದ್ದ ಸಿನಿಮಾದಲ್ಲಿ ನಾಯಕನ ಮುಖಕ್ಕೆ ಅಡ್ಡವಾಗಿ ಒಂದು ತಲೆ. ನೆತ್ತಿಯ ಮೇಲೆ ಬಂಗಡೆ ಮೀನಿನ ಬಾಲದ ಹಾಗೆ ಎದ್ದು ನಿಂತ ಕೂದಲು. ಹತ್ತಿರದ ಅಮದಳ್ಳಿ ಊರಿನಲ್ಲಿ ಅಂಥ ತಲೆ ಒಂದೇ: ಐಸ್ ಫ್ಯಾಕ್ಟರಿಯ ಗುಮಾಸ್ತ ವಿಕಾಸನದು.

"ಆ ತಲೆ ನಿಂದೇ ಅಲ್ದಾ ಮಾರಾಯ? ಹಿಡ್ದದ್ದೂ ನೀನೇ ಅಂತಾರಪ್ಪ," ಎಂದಳು ಪಕ್ಕದ ಮನೆಯ ಗೋದಾವರಿ, ಬೇಲಿಯಾಚೆಯಿಂದ ಕೊಕ್ಕರೆಯಂತೆ ಕತ್ತು ಚಾಚಿ. ಮಧ್ಯಾಹ್ನದೊಳಗೆ ಓಣಿಯೆಲ್ಲ ಅವನನ್ನು ಓರೆಗಣ್ಣಲ್ಲಿ ನೋಡತೊಡಗಿತು. ಯಾರೋ ಠಾಣೆಗೂ ಫೋನು ಮಾಡಿದರು.

ಹವಾಲ್ದಾರ ಕಿಶೋರ ಬಂದು ಜಗಲಿಯ ಮೇಲೆ ಕೂತ. "ಆ ಆಟಕ್ಕೆ ಹೋದವ ನೀನು. ಹಿಡ್ದವನೂ ನೀನೇ. ಜೈಲು ಆಗ್ತದೆ, ನೌಕರಿನೂ ಹೋಗ್ತದೆ."

"ಸಾಹೇಬ್ರೆ, ನನ್ನ ತಲೆ ಮುಂದೆ ಕಾಣ್ತದೆ. ಹಿಂದೆ ಕೂತ್ಕಂಡು ನನ್ನ ತಲೆ ನಾನೇ ಹೆಂಗೆ ಹಿಡೀಲಿ?"

ಹವಾಲ್ದಾರ ಗದ್ದ ಕೆರೆದುಕೊಂಡ. "ಅದು ನಿನ್ನದೇ ತಲೆ ಅಂತ ಏನು ಗ್ಯಾರಂಟಿ? ಗುರುತು ಹೇಳೋರ ಸಹಿ ಹಾಕ್ಸು, ಬಿಡ್ತೆ."

ವಿಕಾಸ ಬೇಲಿಯತ್ತ ಓಡಿದ.

"ಆ ಸಿನಿಮಾ ನಾ ನೋಡೇ ಇಲ್ಲ," ಎಂದಳು ಗೋದಾವರಿ.

"ಬೆಳಿಗ್ಗೆ ನೀನೇ ಹೇಳಿದ್ಯಲ್ಲ ಮಾರಾಯ್ತಿ."

"ಸಹಿ ಹಾಕಿದ್ರೆ ಕದ್ದದ್ದು ನೋಡಿದ್ಲು ಅಂತ ನನ್ನ ಮೇಲೂ ಕೇಸು. ನಿಂಗೆ ಅಷ್ಟೂ ತಿಳೂದಿಲ್ವಾ?"

ಬೆಳಿಗ್ಗೆ ಆ ತಲೆಯ ಜಾತಕವನ್ನೇ ಬಿಡಿಸಿದ್ದ ಓಣಿಗೆ ಈಗ ಕುರುಡು ಬಡಿದಿತ್ತು. ಕಳ್ಳಮಾಲು ಉಂಡದ್ದು ಊರೆಲ್ಲ, ಲಾಠಿ ಮಾತ್ರ ಒಬ್ಬನಿಗೆ.

ಉಳಿದವಳು ಹೆಂಡತಿ ದಮಯಂತಿ. ಅವಳದು ಬಟನ್ ಫೋನು, ಕದ್ದ ಸಿನಿಮಾದ ಗಾಳಿಯೂ ಸೋಕಿರಲಿಲ್ಲ. ವಿಕಾಸನಿಗೆ ಹೋದ ಜೀವ ಬಂತು.

"ನಿನ್ನ ಗಂಡನ ತಲೆ ಹೌದಾ ನೋಡು ತಂಗಿ. ನೋಡಿ ಇಲ್ಲಿ ಸಹಿ ಹಾಕು." ಹವಾಲ್ದಾರ ಪೆನ್ನು ಕೊಟ್ಟು ಮೊಬೈಲು ಹಿಡಿದ.

ದಮಯಂತಿ ಬಹಳ ಹೊತ್ತು ನೋಡಿದಳು. ತಲೆಯನ್ನಲ್ಲ, ಅದರ ಪಕ್ಕದಲ್ಲಿ ನಗುತ್ತ ಕುಲುಕುತ್ತಿದ್ದ ತುರುಬನ್ನು. ನರೆತ ತುರುಬು, ಅದರ ಸುತ್ತ ಅಬ್ಬಲಿಗೆ ಹೂವಿನ ದಂಡೆ.

"ಈ ದಂಡೆ ನಾನೇ ಕಟ್ಟಿ ಕೊಟ್ಟದ್ದು. ಸೊಂಟ ನೋವು, ಡಾಕ್ಟರ ಹತ್ರ ಹೋಗ್ಬೇಕು ಅಂತ ಇವ್ರ ಜೊತೆ ಹೋಗಿದ್ರು ಅತ್ತೆ. ನಾ ಸಿನಿಮಾಕ್ಕೆ ಕರೆದ್ರೆ ಮಾತ್ರ ಇವ್ರಿಗೆ ರಜೆ ಸಿಗೂದಿಲ್ಲ."

ಒಳಕೋಣೆಯಲ್ಲಿ ಅತ್ತೆ ಮಾದೇವಿಯ ನರಳಾಟ ತಟ್ಟನೆ ನಿಂತಿತು. "ನಾ ಯಾವ ಸಿನಿಮಾಕ್ಕೂ ಹೋದವಳಲ್ಲ," ಎಂಬ ಮಾತು ಮಾತ್ರ ಹೊರಗೆ ಬಂತು.

"ಆಯೀ," ಎಂದು ವಿಕಾಸ ತಾಯಿಯನ್ನು ಗೋಗರೆದ.

ದಮಯಂತಿ ಪೆನ್ನನ್ನು ತಿರುಗಿ ಹವಾಲ್ದಾರನ ಕೈಗೇ ಕೊಟ್ಟಳು. "ಕೇಳಿದ್ರಲ್ಲ ಸಾಹೇಬ್ರೆ. ಅದು ಅತ್ತೆ ತುರುಬು ಅಲ್ಲ ಅಂದ್ಮೇಲೆ ಇದು ಇವ್ರ ತಲೆನೂ ಅಲ್ಲ. ನಾ ಸಹಿ ಹಾಕೂದಿಲ್ಲ."