ಕೋಟಿನವರು, ಕೂದಲಿನವರು

ಬೆಳಿಗ್ಗೆ ಸಿಸ್ಟರ್ ಬಂದು ದರ್ಜಿಯ ಮಂಚದ ಸರಳಿಗೆ ‘ಬಾಯಿಗೆ ಏನೂ ಕೊಡಬಾರದು’ ಎಂದು ಬರೆದ ರಟ್ಟು ತೂಗುಹಾಕಿ ಹೋದಳು. ಕಷ್ಟವೆಲ್ಲ ಶುರುವಾದದ್ದು ಆ ರಟ್ಟಿನಿಂದ. ಎಡಗಡೆಯ ಮಂಚದ ಕಂಡಕ್ಟರು ಅದನ್ನು ಓದಿದ, ಓದಿ ಎದ್ದು ಕೂತ. ಅವನು ನಿವೃತ್ತಿಯಾಗುವವರೆಗೂ ಬಸ್ಸಿನಲ್ಲಿ ನಿಂತು “ಮುಂದೆ ಹೋಗಿ, ಮುಂದೆ ಹೋಗಿ” ಎಂದು ಕೂಗಿದವನು. ಆಸ್ಪತ್ರೆಗೆ ಬಂದ ಮೇಲೂ ಜನರನ್ನು ಮುಂದಕ್ಕೆ ಕಳಿಸುವ ಹುಮ್ಮಸ್ಸು ಅವನಲ್ಲಿ ಕಡಿಮೆಯಾಗಿರಲಿಲ್ಲ.

“ಓ, ನಿಮ್ದೂ ಇವತ್ತೇನಾ ಟೇಲರ್ರೇ? ನಂದು ಮೊದಲನೇದು, ನಿಮ್ದು ಮಧ್ಯಾಹ್ನ. ಉತ್ತರ ಬಾಯಿಪಾಠ ಮಾಡ್ಕೊಂಡಿದೀರಿ ತಾನೆ?”

“ಯಾವ ಉತ್ತರ?”

ಕಂಡಕ್ಟರು ಅವನನ್ನು ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನಂತೆ ನೋಡಿದ.

“ಅಯ್ಯೋ ಪಾಪವೇ! ಯಾರೂ ಹೇಳ್ಲಿಲ್ವಾ? ದೊಡ್ಡ ಡಾಕ್ಟ್ರು ಹಳೇ ಹಾಡಿನ ಹುಚ್ಚರು ಕಣ್ರೀ. ಅರವತ್ತರ ದಶಕದಲ್ಲಿ ಎರಡು ತಂಡ ಇದ್ವಲ್ಲ, ಗಿಟಾರು ಹಿಡ್ಕೊಂಡು ಪ್ರಪಂಚಾನೇ ಕುಣಿಸಿದ್ರಲ್ಲ, ಅವು. ಒಂದು ತಂಡದವ್ರು ಯಾವಾಗ್ಲೂ ಕೋಟು ಹಾಕೋರು, ನಾಲ್ಕು ಜನ. ಇನ್ನೊಂದು ಉದ್ದಕೂದಲಿನವ್ರು, ಐದು ಜನ. ಮೂಗಿಗೆ ಔಷಧಿ ಹಿಡಿಯೋ ಮುಂಚೆ ಡಾಕ್ಟ್ರು ಒಂದೇ ಪ್ರಶ್ನೆ ಕೇಳ್ತಾರೆ. ಕೋಟಿನವರೋ, ಕೂದಲಿನವರೋ?”

“ಹೇಳದಿದ್ರೆ?”

“ನಿಮ್ಮ ಮಂಚದಲ್ಲಿ ಮುಂಚೆ ಒಬ್ಬ ಬೇಕರಿಯವನಿದ್ದ. ಎರಡೂ ಒಂದೇ ಅಂದ್ನಂತೆ.” ಕಂಡಕ್ಟರು ಹಿಂಬಾಗಿಲ ಕಡೆ ಗದ್ದ ಎತ್ತಿ ತೋರಿಸಿದ. “ನಾನು ಸೇರಿದ ದಿನ ಅವನ ಹಾಸಿಗೆ ಬಿಸಿಲಿಗೆ ಹಾಕಿದ್ರು.”

ದರ್ಜಿ ತಾನು ಮಲಗಿದ್ದ ಹಾಸಿಗೆಯಿಂದ ಸ್ವಲ್ಪ ಮೇಲೆದ್ದ. ಪೂರ್ತಿ ಏಳಲು ಆಗಲಿಲ್ಲ. ತೊಡೆಸಂದಿಯ ಗಂಟು ಎಳೆಯಿತು. ಅವನಿಗೆ ಹರ್ನಿಯಾ. ಹೊಟ್ಟೆಯ ಒಳಗಿನ ಅಸ್ತರು ಹರಿದಿದೆ, ಅಲ್ಲಿಂದ ಕರುಳು ಹೊರಗೆ ಇಣುಕುತ್ತಿದೆ ಎಂದು ಡಾಕ್ಟರು ಅವನ ಕಸುಬಿನ ಮಾತಿನಲ್ಲೇ ತಿಳಿಸಿ ಹೇಳಿದ್ದರು. ಊರವರ ಹರಿದದ್ದನ್ನೆಲ್ಲ ಹೊಲಿದುಕೊಟ್ಟವನು ತನ್ನದನ್ನು ಮಾತ್ರ ‘ಈ ಕೆಲಸ ಮುಗೀಲಿ, ಆ ಕೆಲಸ ಮುಗೀಲಿ’ ಎಂದು ಮುಂದೂಡುತ್ತ ಬಂದಿದ್ದ. ಇನ್ನು ಮುಂದೂಡುವಂತಿರಲಿಲ್ಲ. ಕರುಳು ಹೊರಗೇ ಸಿಕ್ಕಿಕೊಂಡರೆ ಕೊಳೆಯುತ್ತದೆ, ಕೊಳೆತರೆ ಯಾರ ಕೈಯಲ್ಲೂ ಇಲ್ಲ ಎಂದಿದ್ದರು. ಇವತ್ತು ಹೊಲಿಗೆ ಬೀಳಲೇಬೇಕು. ಹೊಲಿಯುವ ಕೈ ಮಾತ್ರ ಸಿಟ್ಟಿನಲ್ಲಿರಬಾರದು. ಸಿಟ್ಟಿನಲ್ಲಿ ಹಾಕಿದ ಹೊಲಿಗೆ ಹೇಗಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

“ಡಾಕ್ಟ್ರಿಗೆ ಯಾರು ಇಷ್ಟ?” ಎಂದು ಪಿಸುಗುಟ್ಟಿದ.

“ಕೋಟಿನವ್ರು. ಮತ್ತಿನ್ಯಾರು?”

“ಸುಳ್ಳು!” ಬಲಗಡೆಯಿಂದ ದನಿ ಬಂತು. ಡ್ರಾಯಿಂಗ್ ಮೇಷ್ಟ್ರದು. ಪ್ಲಾಸ್ಟರು ಹಾಕಿದ ಅವರ ಕಾಲು ಸೇದುಬಾವಿಯ ಕೊಡದಂತೆ ರಾಟೆಯಿಂದ ನೇತಾಡುತ್ತಿತ್ತು. “ಡಾಕ್ಟರು ಕೂದಲಿನವರ ಹಾಡನ್ನು ಗುನುಗಿಕೊಂಡು ಹೋಗಿದ್ದನ್ನ ನನ್ನ ಕಿವಿಯಾರೆ ಕೇಳಿದೀನಿ. ಟೇಲರ್ರೇ, ಈ ಕಂಡಕ್ಟರ ಮಾತು ಕೇಳಿದ್ರೆ ನೀವು ಇಳಿಯೋ ಸ್ಟಾಪೇ ಬೇರೆ ಆಗುತ್ತೆ.”

“ಕಾಲು ಮೇಲಿರೋರಿಗೆ ರಕ್ತ ತಲೆಗೇರುತ್ತೆ. ಅವ್ರ ಮಾತು ಬಿಡಿ,” ಎಂದ ಕಂಡಕ್ಟರು. ತಲೆದಿಂಬಿನ ಕೆಳಗಿನ ಚೀಲದಿಂದ ಯಾವುದೋ ಹಳೆಯ ಪತ್ರಿಕೆಯಿಂದ ಕತ್ತರಿಸಿದ ಚಿತ್ರ ತೆಗೆದ. “ನೋಡಿ. ಏನು ಶಿಸ್ತು! ಏನು ನಿಲುವು! ಇವ್ರ ಹಾಡು ಕೊನೆಗೆ ಧಡ್ ಅಂತ ನಿಲ್ಲುತ್ತೆ. ಬ್ರೇಕು ಹಾಕಿದ ಹಾಗೆ. ಹಾಡು ಅಂದ್ರೆ ಅದು.”

ದರ್ಜಿ ಚಿತ್ರ ನೋಡಿದ. ನಾಲ್ಕು ಜನ ಬೂದು ಕೋಟು ಹಾಕಿಕೊಂಡು ನಗುತ್ತಿದ್ದರು. ಮೂರನೆಯವನ ಬಲತೋಳಿನ ಕೂಡುಹೊಲಿಗೆ ಎಳೆದುಕೊಂಡಿತ್ತು. ತೋಳನ್ನು ಬಿಚ್ಚಿ ಮತ್ತೆ ಕೂರಿಸಬೇಕಿತ್ತು. ಅವನು ಚಿತ್ರವನ್ನು ವಾಪಸು ಕೊಟ್ಟ.

“ಧಡ್ ಅಂತ ನಿಲ್ಲೋದು ದೊಡ್ಡಸ್ತಿಕೆಯಾ?” ಎಂದರು ಮೇಷ್ಟ್ರು. “ಕೂದಲಿನವರ ಹಾಡು ಹಾಗಲ್ಲ. ಅದು ನಿಲ್ಲೋದೇ ಇಲ್ಲ. ಸಣ್ಣಗಾಗ್ತಾ, ಸಣ್ಣಗಾಗ್ತಾ, ದೂರ ಹೋಗ್ತಾ ಇರುತ್ತೆ. ಅವ್ರು ಇನ್ನೂ ಎಲ್ಲೋ ಹಾಡ್ತಾನೇ ಇದಾರೆ ಅನ್ಸುತ್ತೆ.”

“ಹಾಗಾದ್ರೆ ಹಾಡು ಮುಗೀತು ಅಂತ ಹೇಗೆ ಗೊತ್ತಾಗುತ್ತೆ?” ಎಂದು ದರ್ಜಿ ಕೇಳಿದ.

“ಗೊತ್ತಾಗಲ್ಲ. ಅದೇ ಸೊಗಸು.”

ಇಂಥ ಸೊಗಸನ್ನು ದರ್ಜಿ ಈ ವಾರ್ಡಿನಲ್ಲೇ ನೋಡಿದ್ದ. ಮೂಲೆಯ ಮಂಚದ ಮುದುಕರು ಮೊನ್ನೆ ಹಾಗೆಯೇ ಮುಗಿದಿದ್ದರು.

ಅಷ್ಟರಲ್ಲಿ ವಾರ್ಡಿಗೆ ವಾರ್ಡೇ ಎಚ್ಚೆತ್ತಿತ್ತು. ಒಂದೊಂದು ಮಂಚವೂ ಒಂದೊಂದು ಪಕ್ಷ. ಇದು ಸಂತೆಯಲ್ಲೋ ಕಾಲೇಜಿನಲ್ಲೋ ನಡೆದಿದ್ದರೆ ರಾಗ, ತಾಳ, ಸಾಹಿತ್ಯದ ಮಾತು ಬರುತ್ತಿತ್ತೇನೋ. ಆಸ್ಪತ್ರೆಯಾದ್ದರಿಂದ ಚರ್ಚೆ ಸೀದಾ ಸಾವಿಗೆ ಹೋಯಿತು.

“ಕೋಟಿನವರಲ್ಲಿ ಉಳಿದಿರೋನು ಒಬ್ಬನೇ ಕಣ್ರೀ,” ಎಂದರು ಮೇಷ್ಟ್ರು. “ಮೂರು ಜನ ಢಮಾರ್. ಒಬ್ಬನಿಗೆ ಗಂಟಲು, ಒಬ್ಬನಿಗೆ ಹೃದಯ, ಇನ್ನೊಬ್ಬನಿಗೆ ಲಿವರು. ಕೂದಲಿನವರಲ್ಲಿ ಹೋಗಿದ್ದು ಒಬ್ಬನೇ.”

“ಅವನೂ ಬಚ್ಚಲಲ್ಲಿ ಜಾರಿ! ನಮ್ಮೋರು ಮರ್ಯಾದೆಯಾಗಿ ಕಾಯಿಲೆ ಬಂದು ಸತ್ರು.”

“ಆಪರೇಷನ್ನಿಗೆ ಹೋಗೋನ ಬಾಯಲ್ಲಿ ಸತ್ತೋರ ಹೆಸರು ಬರಬಾರದು. ಟೇಲರ್ರೇ, ನಾಲ್ಕಕ್ಕೆ ಮೂರು ಹೋಗಿರೋ ತಂಡ ಬೇಕಾ, ಐದಕ್ಕೆ ಒಂದು ಹೋಗಿರೋದು ಬೇಕಾ? ನೀವೇ ಲೆಕ್ಕ ಹಾಕಿ.”

“ರೀ ಮೇಷ್ಟ್ರೇ! ಮುಂದಿನ ಮಂಚದೋರಿಗೆ ಬೇಜಾರಾಗುತ್ತೆ, ಲಿವರಿನ ಮಾತು ಬಿಡ್ರೀ,” ಎಂದು ಯಾರೋ ಕೂಗಿದರು. ಮುಂದಿನ ಮಂಚದವರಿಗೆ ಆಗಲೇ ಬೇಜಾರಾಗಿತ್ತು.

ನೆಲ ಒರೆಸಲು ಬಂದ ಅಜ್ಜಿಯನ್ನು ದರ್ಜಿ ಗುಟ್ಟಾಗಿ ಕರೆದ. ಆಪರೇಷನ್ ಥಿಯೇಟರನ್ನೂ ಒರೆಸುವವಳು ಅವಳೇ.

“ಅಜ್ಜಿ, ಒಳಗೆ ಯಾವ ಹಾಡು ಹಾಕ್ತಾರೆ? ಧಡ್ ಅಂತ ನಿಲ್ಲೋದೋ, ಸಣ್ಣಗಾಗ್ತಾ ಹೋಗೋದೋ?”

“ಒಂದಿನ ಅದು, ಒಂದಿನ ಇದು. ನಾನು ಬಕೀಟು ನೋಡ್ಲಾ, ಹಾಡು ಕೇಳ್ಲಾ?”

“ಅಂದ್ರೆ ಡಾಕ್ಟ್ರಿಗೆ ಎರಡೂ ಇಷ್ಟಾನಾ?”

“ಒಳಗೆ ಡಾಕ್ಟ್ರು ಒಬ್ರೇ ಇರ್ತಾರೇನಪ್ಪಾ?” ಎಂದು ಅಜ್ಜಿ ಅವನ ಚಪ್ಪಲಿಯನ್ನು ಒರೆಸುಕೋಲಿನಿಂದ ಮಂಚದಡಿಗೆ ತಳ್ಳಿ ಮುಂದೆ ಹೋದಳು.

ಆ ಮಾತನ್ನು ಯೋಚಿಸಲು ದರ್ಜಿಗೆ ಪುರುಸೊತ್ತು ಸಿಗಲಿಲ್ಲ. ‘ಬಚ್ಚಲು’ ಎಂಬ ಮಾತು ಮೇಷ್ಟ್ರಿಗೆ ನಾಟಿತ್ತು. ಅವರು ದಿಂಬನ್ನು ಬೀಸಿದರು. ಅದು ದರ್ಜಿಯ ಮುಖಕ್ಕೆ ಬಿತ್ತು. ಕಂಡಕ್ಟರು ಸ್ಟೀಲಿನ ಲೋಟ ಬೀಸಿದ. ಅದೂ ದರ್ಜಿಯ ಮೊಣಕೈಗೇ ಬಡಿಯಿತು. ಎರಡು ಸೈನ್ಯಗಳ ನಡುವಿನ ಬೇಲಿಗೂಟದಂತೆ ಅವನು ಎಲ್ಲವನ್ನೂ ತಡೆದುಕೊಂಡ. ಡ್ರಿಪ್ಪಿನ ಕಂಬವೊಂದು ಉರುಳಿತು. ಸಿಸ್ಟರ್ ಓಡಿಬಂದಳು. ಕಂಡಕ್ಟರ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ಒತ್ತಿದಳು, ಮತ್ತೊಮ್ಮೆ ಒತ್ತಿದಳು, ಅವಳ ಹುಬ್ಬು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

“ಇವರ ಆಪರೇಷನ್ ಇವತ್ತಿಲ್ಲ,” ಎಂದಳು. ಆಮೇಲೆ ದರ್ಜಿಯ ಕಡೆ ತಿರುಗಿದಳು. “ಎಲ್ಲಾ ನಿಮ್ಮಿಂದಾನೇ. ಒಬ್ಬ ಮನುಷ್ಯ ಸುಮ್ನೆ ಮಲಗಿರೋಕೆ ಏನು ಕಷ್ಟ? ನಡೀರಿ, ಈಗ ನೀವೇ ಮೊದಲು.”

“ಸಿಸ್ಟರ್, ಹೆಂಡತಿ ಮಧ್ಯಾಹ್ನಕ್ಕೆ ಬರ್ತಾಳೆ, ಅವಳನ್ನ ನೋಡಿ…”

“ಬದುಕಿದ್ರೆ ಆಮೇಲೂ ನೋಡ್ಬಹುದು.” ಅವಳು ತಮಾಷೆ ಮಾಡಿದಳೋ ಇಲ್ಲವೋ ತಿಳಿಯಲಿಲ್ಲ. ಅಂಥವರ ಮುಖ ಎರಡಕ್ಕೂ ಒಂದೇ.

ಗಾಲಿಮಂಚ ಉದ್ದನೆಯ ಕಾರಿಡಾರಿನಲ್ಲಿ ಕಿರುಗುಟ್ಟುತ್ತ ಸಾಗಿತು. ದರ್ಜಿಗೆ ಮೇಲಿನ ದೀಪಗಳು ಮಾತ್ರ ಕಾಣುತ್ತಿದ್ದವು. ಒಂದು ಉರಿಯುತ್ತಿತ್ತು, ಒಂದು ಇಲ್ಲ. ಕೋಟು, ಕೂದಲು, ಕೋಟು, ಕೂದಲು. ತಿರುವಿನಲ್ಲಿ ಹೆಂಡತಿಯ ಮುಖ ಧುತ್ತೆಂದು ಮೇಲೆ ಬಾಗಿತು. ಅವಳು ಬೇಗ ಬಂದಿದ್ದಳು. ಕಾರಣ ಪ್ರೀತಿಯೆಂದು ಅವನು ತಿಳಿದುಕೊಂಡ.

“ರೀ, ಅಂಗಡಿ ಕೀಲಿ ಎಲ್ಲಿಟ್ಟಿದೀರಿ? ಜನ ಬಾಗಿಲ ಮುಂದೆ ನಿಂತಿದಾರೆ.”

“ಮನೇಲಿ, ಕತ್ತರಿ ಡಬ್ಬೀಲಿ. ಅದಿರ್ಲಿ ಬಿಡು. ಬೇಗ ಹೇಳು, ಕೋಟೋ ಕೂದಲೋ? ನನ್ನ ಪ್ರಾಣ ಇದರ ಮೇಲಿದೆ.”

ಹೆಂಡತಿಯ ಕಣ್ಣು ತುಂಬಿತು. ಔಷಧಿ ಆಗಲೇ ತಲೆಗೇರಿದೆ ಎಂದುಕೊಂಡಳು. ಆದರೂ ಇಷ್ಟು ವರ್ಷಗಳಲ್ಲಿ ಗಂಡ ಅವಳ ಅಭಿಪ್ರಾಯ ಕೇಳಿದ್ದು ಇದೇ ಮೊದಲು. ಬಂದ ಅವಕಾಶವನ್ನು ಬಿಡಲಾರದೆ ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದಳು:

“ಕೋಟು ಅನ್ನಿ. ಅನ್ನ ಹಾಕಿದ್ದು ಅದು. ಕೂದಲು ಏನು ಕೊಟ್ಟಿದೆ ನಿಮ್ಗೆ? ಇದ್ದಿದ್ದೂ ಉದುರಿ ಹೋಯ್ತು.”

ಅವನಿಗೆ ಧೈರ್ಯ ಬಂತು.

ಥಿಯೇಟರಿನಲ್ಲಿ ಚಳಿ. ಎದುರಿಗೆ ಹಸಿರು ಟೊಪ್ಪಿ, ಹಸಿರು ಮುಸುಕು, ನಡುವೆ ದೊಡ್ಡ ಡಾಕ್ಟರ ಎರಡು ಕಣ್ಣು. ತಲೆಯ ಹಿಂದೆ ಇನ್ನೊಬ್ಬರು ಯಾರೋ ಕೂತಿದ್ದರು. ಅವರ ಉಸಿರು ಕೇಳಿಸುತ್ತಿತ್ತು, ಮುಖ ಕಾಣಿಸುತ್ತಿರಲಿಲ್ಲ.

“ಹೆದರ್ಬೇಡಿ,” ಎಂದರು ದೊಡ್ಡ ಡಾಕ್ಟರು. “ಒಂದು ಸಣ್ಣ ಪ್ರಶ್ನೆ. ಅರವತ್ತರ ದಶಕದ—”

“ಕೋಟಿನವರು!” ಎಂದು ದರ್ಜಿ ಕೂಗಿಬಿಟ್ಟ.

ಮುಸುಕಿನ ಮೇಲಿನ ಕಣ್ಣುಗಳು ಹೊಳೆದವು. “ಭೇಷ್! ಕೇಳಿದ್ರಾ ಡಾಕ್ಟ್ರೇ? ಪ್ರಶ್ನೆ ಮುಗಿಯೋಕೂ ಬಿಡಲಿಲ್ಲ. ಇವತ್ತಿನ ಹಾಡು ನಂದು.”

ಬದುಕಿದೆ ಎಂದುಕೊಂಡ ದರ್ಜಿ. ಆಗ ತಲೆಯ ಹಿಂದಿನಿಂದ ಮೆತ್ತಗಿನ ದನಿ ಕೇಳಿಸಿತು.

“ಕೋಟಿನವರಾ? ಸಂತೋಷ. ಯಾಕೆ ಅಂತ ಸ್ವಲ್ಪ ಹೇಳ್ತೀರಾ?”

ಅದು ಅರಿವಳಿಕೆ ಡಾಕ್ಟರದು. ಸೂಜಿ ಇದ್ದದ್ದು ಅವರ ಕೈಯಲ್ಲಿ. ಅಜ್ಜಿಯ ಮಾತು ದರ್ಜಿಗೆ ಈಗ ಅರ್ಥವಾಯಿತು: ಇವರು ಕೂದಲಿನವರ ಕಡೆ. ಅರ್ಥವಾಗುವುದಕ್ಕೂ ಸೂಜಿ ಇಳಿಯುವುದಕ್ಕೂ ಸರಿಹೋಯಿತು. ನಾಲಗೆಯ ಗುಂಡಿಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು.

“ಡಾಕ್ಟ್ರೇ… ನಿಜ ಹೇಳ್ಬೇಕಂದ್ರೆ… ಮೂರನೆಯವನ ಬಲತೋಳು ಸರಿಯಾಗಿ ಕೂತಿಲ್ಲ… ಬಿಚ್ಚಿ ಹೊಲೀಬೇಕು… ಹಾಡು ನಾನು… ಒಂದೂ ಕೇಳಿಲ್ಲ… ಎರಡು ತಂಡದ್ದೂ…”

ಇಬ್ಬರು ಏರುದನಿಯಲ್ಲಿ ಮಾತಾಡುವುದು ಕೇಳಿಸಿತು. ಅದು ಸಣ್ಣಗಾಗುತ್ತ, ಸಣ್ಣಗಾಗುತ್ತ, ದೂರ ಹೋಗುತ್ತ ಇತ್ತು. ಎಲ್ಲಿ ಮುಗಿಯಿತೋ ಅವನಿಗೆ ಗೊತ್ತಾಗಲಿಲ್ಲ.

ಕಣ್ಣು ಬಿಟ್ಟಾಗ ವಾರ್ಡಿನಲ್ಲಿ ಸಂಜೆಯ ಬೆಳಕಿತ್ತು. ಬದುಕಿದ್ದ! ದರ್ಜಿ ಸಂತೋಷದಿಂದ ಕೈಯನ್ನು ತೊಡೆಸಂದಿಗೆ ತಂದ. ಬ್ಯಾಂಡೇಜು ಇರಲಿಲ್ಲ. ಹೊಲಿಗೆ ಇರಲಿಲ್ಲ. ಗಂಟು ಇತ್ತು, ಬೆಳಗಿಗಿಂತ ಗಟ್ಟಿಯಾಗಿಯೂ ಇತ್ತು.

“ಆಗಿಲ್ಲ,” ಎಂದ ಕಂಡಕ್ಟರು ಎಡಗಡೆಯಿಂದ. “ನಿಮ್ಮ ಓಟು ಸಿಂಧು ಅಂತ ದೊಡ್ಡ ಡಾಕ್ಟ್ರು, ಅಸಿಂಧು ಅಂತ ಅರಿವಳಿಕೆ ಡಾಕ್ಟ್ರು. ಕೈಗವಸು ಕಿತ್ತು ಬಿಸಾಡ್ಕೊಂಡ್ರಂತೆ. ಹಾಡು ಕೇಳದೇ ಇರೋನ ಮಾತು ಲೆಕ್ಕಕ್ಕಿಲ್ಲ ಅಂತ ಕೊನೆಗೆ ರಾಜಿ ಆಯ್ತಂತೆ.”

“ಹಾಗಾದ್ರೆ ನನ್ನ ಆಪರೇಷನ್ನು?”

ಉತ್ತರವಾಗಿ ಸಿಸ್ಟರ್ ಬಂದಳು. ಕೈಯಲ್ಲಿ ಹಳೆಯ ಕ್ಯಾಸೆಟ್ ಪ್ಲೇಯರು, ಕಿವಿಗೆ ಹಾಕುವ ಹೆಡ್‌ಫೋನು, ಹಿಂದೆ ಗಾಡಿಯ ಮೇಲೆ ಎರಡು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ಟು.

“ಎರಡು ತಂಡದ್ದೂ ಪೂರ್ತಿ ಕೇಳ್ಬೇಕಂತೆ. ಕೇಳಿ ಮುಗಿದ ಮೇಲೆ ನನಗೆ ಹೇಳಿ, ಥಿಯೇಟರಿಗೆ ಕರ್ಕೊಂಡು ಹೋಗ್ತೀನಿ. ಇಬ್ರೂ ಡಾಕ್ಟ್ರು ಒಪ್ಪಿದಾರೆ.”

ಅದೇ ಹೊತ್ತಿಗೆ ಗಂಟಿನೊಳಗೆ ಯಾರೋ ದಾರ ಜಗ್ಗಿ ಬಿಗಿದ ಹಾಗಾಯಿತು. ದರ್ಜಿ ಹಲ್ಲು ಕಚ್ಚಿದ. “ಸಿಸ್ಟರ್, ಒಳಗೆ ಹಿಂಡ್ತಾ ಇದೆ… ಯಾವ ತಂಡದ್ದು ಬೇಗ ಮುಗಿಯುತ್ತೆ?”

“ಕೋಟಿನವ್ರದ್ದು! ಏಳೇ ವರ್ಷ ಹಾಡಿದ್ದು,” ಎಂದ ಕಂಡಕ್ಟರು ಹೆಮ್ಮೆಯಿಂದ.

“ಕೂದಲಿನವರು ಇನ್ನೂ ನಿಲ್ಲಿಸಿಲ್ಲ,” ಎಂದರು ಮೇಷ್ಟ್ರು ಅದಕ್ಕಿಂತ ಹೆಮ್ಮೆಯಿಂದ. “ಹೋದ ತಿಂಗಳೂ ಒಂದು ಹೊಸದು ಬಂದಿದೆ.”

“ಸಿಸ್ಟರ್, ಇಷ್ಟನ್ನೂ ಯಾರಾದ್ರೂ ಕೇಳಿ ಮುಗಿಸಿದಾರಾ?”

“ನಿಮ್ಮ ಮಂಚದಲ್ಲಿದ್ದ ಬೇಕರಿಯವ್ರಿಗೂ ಕೊಟ್ಟಿದ್ವಿ. ಅವ್ರೂ ಕೇಳಿರ್ಲಿಲ್ಲ, ಪಾಪ.” ಸಿಸ್ಟರ್ ಹೆಡ್‌ಫೋನನ್ನು ದರ್ಜಿಯ ತಲೆಗೆ ಸಿಕ್ಕಿಸಿ, ಪ್ಲೇಯರಿನ ಮುಚ್ಚಳ ತೆಗೆದು, ಅರ್ಧ ಸುತ್ತಿ ನಿಂತಿದ್ದ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅವನ ಒಂದು ಕಿವಿಯಿಂದ ಹೆಡ್‌ಫೋನು ಸರಿಸಿ ಕೇಳಿದಳು:

“ಅವ್ರು ನಿಲ್ಲಿಸಿದ ಕಡೆಯಿಂದ ಹಾಕ್ಲಾ, ಮೊದಲಿಂದಾನಾ?”