ಇಸವಿ ಮೇಷ್ಟ್ರ ಆಲೂಗಡ್ಡೆ

ಆಲೂಗಡ್ಡೆಯ ಬಗ್ಗೆ ಇಸವಿ ಮೇಷ್ಟ್ರಿಗೆ ಗೊತ್ತಿದ್ದದ್ದು ಒಂದೇ: ಅದು ಮಣ್ಣಿನೊಳಗೆ ಬೆಳೆಯುತ್ತದೆ. ಅಷ್ಟು ಗೊತ್ತಿದ್ದದ್ದೇ ಅವರಿಗೆ ಮುಳುವಾಯಿತು.

ಮೇಷ್ಟ್ರು ಅಸಲಿಗೆ ಇತಿಹಾಸದವರು. ಯಾವ ಯುದ್ಧದ ಹೆಸರೆತ್ತಿದರೂ ಇಸವಿ ನಾಲಗೆಯ ತುದಿಯಲ್ಲಿರುತ್ತಿತ್ತು. ವಿದ್ಯಾರ್ಥಿಗಳು ಆ ಹೆಸರಿಟ್ಟದ್ದು ಅದಕ್ಕೇ. ಈ ವರ್ಷ ಅವರಿಗೆ ಪಾಠದ ಗಂಟೆಗಳು ಸಾಲದೆ ಬಂದವೆಂದು ವಿಶ್ವವಿದ್ಯಾಲಯದವರು ‘ಸಸ್ಯ ಪರಿಚಯ’ವನ್ನೂ ಅವರ ಕೊರಳಿಗೆ ಕಟ್ಟಿದ್ದರು. ವಾರಕ್ಕೆರಡು ದಿನ ತರಗತಿ, ಉಳಿದದ್ದು ಆನ್‌ಲೈನ್ ಚರ್ಚಾವೇದಿಕೆಯಲ್ಲಿ. ತಿಂಗಳು ಕಳೆದರೂ ಆ ವೇದಿಕೆಯಲ್ಲಿ ಮೇಷ್ಟ್ರ “ಎಲ್ಲರಿಗೂ ಸ್ವಾಗತ” ಒಂದೇ ಖಾಲಿ ಬಸ್ಸಿನ ಕಂಡಕ್ಟರನಂತೆ ನಿಂತಿತ್ತು.

ಆ ಬೆಳಿಗ್ಗೆ ವಿಭಾಗದ ಮುಖ್ಯಸ್ಥೆ ಬಾಗಿಲಲ್ಲೇ ನಿಂತು ಹೇಳಿದರು: “ಸಂಜೆ ನಾಲ್ಕಕ್ಕೆ ಕುಲಪತಿಗಳು ಎಲ್ಲರ ವೇದಿಕೆ ನೋಡ್ತಾರೆ. ನಿಮ್ಮದು ಹೀಗೇ ಭಣಗುಟ್ತಿದ್ರೆ, ಮುಂದಿನ ವರ್ಷ ನಿಮ್ಮನ್ನ ಉಳಿಸಿಕೊಳ್ಳೋದು ಕಷ್ಟ ಸಾರ್.”

ಮೇಷ್ಟ್ರು ಕಂಪ್ಯೂಟರಿನ ಮುಂದೆ ಕುಕ್ಕರಿಸಿದರು. ಗಡಿಬಿಡಿಯಲ್ಲಿ ಟೈಪು ಮಾಡಿದರು: “ಬೇರಿನಲ್ಲಿ ಆಹಾರ ಕೂಡಿಡುವ ಸಸ್ಯಕ್ಕೆ ಆಲೂಗಡ್ಡೆ ಒಳ್ಳೆಯ ಉದಾಹರಣೆ. ಚರ್ಚಿಸಿ.”

ಪಕ್ಕದ ಮೇಜಿನ ಗಣಿತದ ಮೇಡಂ ಕತ್ತು ಚಾಚಿ ಓದಿದರು. “ಅಯ್ಯೋ ಸಾರ್! ಆಲೂಗಡ್ಡೆ ಬೇರಲ್ಲ, ಕಾಂಡ!”

“ಮಣ್ಣೊಳಗೆ ಹೂತುಕೊಂಡಿರೋದು ಕಾಂಡ ಹೇಗಾಗುತ್ತೆ ಮೇಡಂ?”

“ವಾದ ಆಮೇಲೆ, ಮೊದ್ಲು ಅಳಿಸಿ. ಬಿಡಿ, ನಾನೇ ಅಳಿಸ್ತೀನಿ,” ಎಂದು ಮೇಡಂ ಮೌಸ್ ಕಿತ್ತುಕೊಂಡು ಏನನ್ನೋ ಒತ್ತಿದರು. ಬರಹ ಅಳಿಯಲಿಲ್ಲ. ‘ಮುಖ್ಯ ಪ್ರಕಟಣೆ’ ಎಂಬ ಕೆಂಪು ಪಟ್ಟಿ ಹೊತ್ತು ನೂರಿಪ್ಪತ್ತು ವಿದ್ಯಾರ್ಥಿಗಳ ಫೋನಿಗೂ ಹಾರಿತು.

ಮೇಡಂ ಮೆಲ್ಲಗೆ ತಮ್ಮ ಕುರ್ಚಿಗೆ ಹೋಗಿ ಕುಳಿತರು.

ಮೊದಲ ಉತ್ತರ ಬಂದದ್ದು ಅರ್ಧ ದಿನ ತರಕಾರಿ ಅಂಗಡಿಯಲ್ಲಿ ದುಡಿಯುವ ಹುಡುಗಿಯದು. ತರಗತಿಯಲ್ಲಿ ಹಾಜರಿಗೆ ಬಿಟ್ಟರೆ ಬಾಯಿ ತೆರೆದವಳಲ್ಲ. “ಸರ್, ಆಲೂಗಡ್ಡೆ ಮೊಳಕೆ ಒಡೆಯೋದು ಕಣ್ಣಿಂದ. ಬೇರಿಗೆಲ್ಲಿದೆ ಕಣ್ಣು?” ಜೊತೆಗೆ ಅಂಗಡಿಯ ತಕ್ಕಡಿಯ ಮೇಲಿಟ್ಟು ತೆಗೆದ ಫೋಟೋ.

“ಹಾಗಾದ್ರೆ ಗೆಣಸು?” ಎಂದ ಒಬ್ಬ. “ಅದಕ್ಕೆ ಕಣ್ಣಿಲ್ಲ, ಅದು ಬೇರು,” ಎಂದಳು ಮತ್ತೊಬ್ಬಳು. “ಶುಂಠಿ?” “ಕಾಂಡ ಕಣೋ!” “ಈರುಳ್ಳಿ?” ಇದಕ್ಕೆ ದೊಡ್ಡ ಜಗಳವೇ ಹತ್ತಿತು. ಕೊನೆಗೆ ಕೊನೇ ಬೆಂಚಿನವನೊಬ್ಬ ಈರುಳ್ಳಿಯನ್ನು ಉದ್ದುದ್ದ ಸೀಳಿ, ಕಣ್ಣೀರು ಒರೆಸಿಕೊಳ್ಳುತ್ತಲೇ ವಿಡಿಯೋ ಮಾಡಿ, ನಾವು ತಿನ್ನುವ ಪದರವೆಲ್ಲ ಎಲೆ, ಬುಡದ ಬಿಲ್ಲೆಯಷ್ಟೇ ಕಾಂಡ ಎಂದು ತೋರಿಸಿಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಎಂಬತ್ತಾರು ಉತ್ತರ! ಮೇಷ್ಟ್ರು ಊಟ ಮರೆತು ಓದಿದರು. ಪುಸ್ತಕವನ್ನು ಮೂರು ಸಲ ತಿರುವಿದರೂ ತಲೆಗೆ ಹತ್ತದಿದ್ದುದು ಈ ಮಕ್ಕಳ ಜಗಳದಲ್ಲಿ ನೀರು ಕುಡಿದಷ್ಟು ಸಲೀಸಾಗಿ ಹತ್ತಿತ್ತು. ‘ಇಷ್ಟೆಲ್ಲ ಬಲ್ಲವರು ನನ್ನ ಮುಂದೆ ಸುಮ್ಮನೆ ಕೂರ್ತಿದ್ರಲ್ಲ!’ ಎಂದು ಅವರ ಎದೆ ತುಂಬಿ ಬಂತು. ತಪ್ಪೊಪ್ಪಿಕೊಂಡುಬಿಡೋಣವೆಂದು ಕೀಲಿಮಣೆಗೆ ಕೈಯಿಟ್ಟರು. ಅಷ್ಟರಲ್ಲಿ ಮುಖ್ಯಸ್ಥೆ ಓಡಿಬಂದರು.

“ಎಂಥಾ ತಲೆ ಸಾರ್ ನಿಮ್ದು! ಬೇಕಂತ್ಲೇ ತಪ್ಪು ಬರೆದು ಎಲ್ಲರ ಬಾಯಿ ಬಿಡಿಸಿದ್ರಲ್ಲ!”

ಗಣಿತದ ಮೇಡಂಗೆ ಕೆಮ್ಮು ಬಂತು.

“ಹಾಗೇನಿಲ್ಲ ಮೇಡಂ, ಅದು…”

“ವಿನಯ ಸಾಕು. ಕುಲಪತಿಗಳು ಕಣ್ಣಾರೆ ನೋಡಬೇಕಂತೆ. ನಾಲ್ಕಕ್ಕೆ ಅವರೆದುರಿಗೇ ಇನ್ನೊಂದು ತಪ್ಪು ಹಾಕಿ.”

ಕುಲಪತಿಗಳ ಕೊಠಡಿಯಲ್ಲಿ ಗೋಡೆಯಗಲದ ಪರದೆ. ಎದುರಿಗೆ ಎಂಟು ಜನ ಪ್ರಾಧ್ಯಾಪಕರು ಸಾಲಾಗಿ ಕೂತಿದ್ದರು. ಎಳೆ ಮಗುವೂ ಹಿಡಿಯುವಂಥ ತಪ್ಪು ಬೇಕಲ್ಲ ಎಂದು ಮೇಷ್ಟ್ರು ತಡಕಾಡಿದರು. ಕಿಟಕಿಯಾಚೆ ಮೂರಾಳೆತ್ತರದ ಬಿದಿರು ಮೆಳೆ ತೂಗುತ್ತಿತ್ತು. ಮೇಷ್ಟ್ರು ಒಳಗೊಳಗೇ ನಕ್ಕು ಟೈಪಿಸಿದರು: “ಬಿದಿರು ಒಂದು ಜಾತಿಯ ಹುಲ್ಲು. ಚರ್ಚಿಸಿ.”

ಒಂದು ನಿಮಿಷವಾಯಿತು. ಐದಾಯಿತು. ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಕುಲಪತಿಗಳು ಗಡಿಯಾರ ನೋಡಿದರು. ಮುಖ್ಯಸ್ಥೆ ಮೇಷ್ಟ್ರನ್ನು ನೋಡಿದರು.

ಹತ್ತನೇ ನಿಮಿಷಕ್ಕೆ ತರಕಾರಿ ಅಂಗಡಿಯ ಹುಡುಗಿಯ ಉತ್ತರ ಬಂತು: “ಸರ್, ನಾವೆಲ್ಲ ಸೇರಿ ಹುಡುಕಿದ್ವಿ. ಬಿದಿರು ಹುಲ್ಲೇ. ಇದರಲ್ಲಿ ತಪ್ಪೇನೂ ಇಲ್ಲವಲ್ಲ?”

ಕುಲಪತಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನ್ರೀ ಮೇಷ್ಟ್ರೇ, ಒಂದು ತಪ್ಪನ್ನೂ ನೆಟ್ಟಗೆ ಮಾಡಕ್ಕೆ ಬರಲ್ವಾ ನಿಮಗೆ?”