ಎರಡು ಹಡಗಿನ ಡಬ್ಬ

ಪೆಟ್ಟಿಗೆಯ ಮೊಳೆ ಕೀಳುವವರೆಗೂ ಪಾಲಾಕ್ಷ ಚನ್ನರಾಯಪಟ್ಟಣದ ಬಲು ಜಾಣ ವ್ಯಾಪಾರಿಯಾಗಿದ್ದ. ಮೊಳೆ ಕಿತ್ತು, ಹಲಗೆ ಎತ್ತಿ, ಒಳಗಿನ ಹುಲ್ಲು ಸರಿಸಿದ ಮೇಲೆ ಆ ಬಿರುದು ಹೋಯಿತು. ಜಪಾನಿನಿಂದ ಬಂದ ಇನ್ನೂರಹತ್ತು ತಗಡಿನ ಡಬ್ಬಗಳು ಥಳಥಳ ಹೊಳೆಯುತ್ತ ಕೂತಿದ್ದವು. ಮೈತುಂಬ ಕೆಂಪು ಹೂವಿನ ಬಳ್ಳಿ. ಒಂದಕ್ಕೂ ಮುಚ್ಚಳವಿರಲಿಲ್ಲ.

"ಕೆಳಗಡೆ ಇರ್‍ಬೋದು ನೋಡು" ಎಂದ ಪಕ್ಕದ ಬಳೆ ಅಂಗಡಿಯ ಕೆಂಪಣ್ಣ. ಪಾಲಾಕ್ಷ ಪೆಟ್ಟಿಗೆಯೊಳಕ್ಕೆ ಸೊಂಟದವರೆಗೂ ಇಳಿದು ಹುಡುಕಿದ. ಸಿಕ್ಕಿದ್ದು ಹುಲ್ಲು, ಆಮೇಲೆ ಒಂದು ಇಂಗ್ಲಿಷ್ ಕಾಗದ.

ಪಾಲಾಕ್ಷ ಕೊಬ್ಬರಿ ಮಿಠಾಯಿ ಮಾಡುವವನು. ಮಿಠಾಯಿ ಚೆನ್ನಾಗಿತ್ತು, ಅದರಲ್ಲಿ ಮಾತಿಲ್ಲ. ಆದರೆ ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟರೆ ಮೂರನೆಯ ದಿನಕ್ಕೆ ಇರುವೆ ಹತ್ತುತ್ತಿತ್ತು. ಗಾಳಿಯಾಡದ ಡಬ್ಬದಲ್ಲಿ ಹಾಕಿ, ಮೇಲೆ ತನ್ನ ಹೆಸರು ಅಚ್ಚು ಹಾಕಿಸಿದರೆ ಬೆಂಗಳೂರಿಗೂ ಕಳಿಸಬಹುದು ಎಂದು ಅವನ ಆಸೆ. ಮಾವ ಗಂಗಾಧರಯ್ಯನವರಿಗೆ ಊರಿನಲ್ಲೇ ದೊಡ್ಡ ತೆಂಗಿನಕಾಯಿ ಮಂಡಿ. ಅಳಿಯ ಬೆಲ್ಲದ ಪಾಕದ ಮುಂದೆ ಬೆವರುವುದು ಅವರಿಗೆ ಸುತರಾಂ ಹಿಡಿಸುತ್ತಿರಲಿಲ್ಲ. ಮದುವೆಯಾದ ಆರು ವರ್ಷದಿಂದಲೂ ಅವರದ್ದು ಒಂದೇ ಮಾತು: "ಅಳಿಯಂದ್ರೇ, ಬಂದು ಮಂಡೀಲಿ ಕೂತ್ಕಳಿ."

ಕೊನೆಗೊಂದು ದಿನ ನೆಂಟರ ಎದುರಿಗೇ ಮಾತು ಬೆಳೆದು ಪಾಲಾಕ್ಷ ಎದೆ ತಟ್ಟಿಕೊಂಡುಬಿಟ್ಟ. ಹಾಸನದ ವಕೀಲ ಚನ್ನಬಸವಯ್ಯನವರ ಮಗಳ ಮದುವೆಗೆ ಇನ್ನೂರು ಡಬ್ಬ ಮಿಠಾಯಿ ಒಪ್ಪಿಕೊಂಡಿದ್ದೇನೆ. ಗಂಡಿನ ಕಡೆಯವರು ಬಂದಿಳಿಯುವ ದಿನ ಸಂಜೆ ಐದು ಗಂಟೆಗೆ ಅದು ಮದುವೆ ಮನೆ ಮುಟ್ಟದಿದ್ದರೆ, ಮಾರನೆಯ ದಿನವೇ ಅಂಗಡಿಗೆ ಬೀಗ ಹಾಕಿ ಮಂಡಿಗೆ ಬರುತ್ತೇನೆ ಎಂದ. ಗಂಗಾಧರಯ್ಯನವರು "ಶಿವನಿಚ್ಛೆ" ಎಂದು ನಕ್ಕು ಎಲೆಗೆ ಸುಣ್ಣ ಹಚ್ಚಿದರು. ಆ ಸಂಜೆ ಎಂಬುದು ಇವತ್ತಿನ ಸಂಜೆ.

ಗುಂಡಯ್ಯ ಮೇಷ್ಟ್ರನ್ನು ಕರೆಸಿ ಕಾಗದ ಓದಿಸಿದರು. ಜಪಾನಿಗೆ ಹೋದ ಕಾಗದ ಬರೆದವರೂ ಅವರೇ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಪಾಠ ಹೇಳುವ ದನಿಯಲ್ಲಿ ಕನ್ನಡ ಮಾಡಿದರು:

"ತಮ್ಮ ಅಪ್ಪಣೆಯಂತೆ ಸರಕನ್ನು ಎರಡು ಪಾಲು ಮಾಡಿ ಎರಡು ಹಡಗಿನಲ್ಲಿ ಕಳಿಸಿದ್ದೇವೆ. ಮೊದಲ ಹಡಗಿನಲ್ಲಿ ಡಬ್ಬ, ಎರಡನೆಯದರಲ್ಲಿ ಮುಚ್ಚಳ. ತಾವು ಕೇಳಿದ ಕೊಸರು ಎಂಬುದು ಏನೆಂದು ನಮಗೆ ಅರ್ಥವಾಗಲಿಲ್ಲ. ಆದರೂ ತಮ್ಮ ಮನಸ್ಸು ನೋಯಿಸಬಾರದೆಂದು ಹತ್ತು ಹೆಚ್ಚಿಗೆ ಇಟ್ಟಿದ್ದೇವೆ."

ಅಂಗಡಿ ಮುಂದೆ ಸೇರಿದ್ದ ಜನ ಎಲ್ಲ, ಸುದ್ದಿ ಕೇಳಿ ಬಂದು ನಿಂತಿದ್ದ ಗಂಗಾಧರಯ್ಯನವರ ಕಡೆ ತಿರುಗಿತು. ಯಾಕೆಂದರೆ ಎರಡು ಹಡಗಿನ ಬುದ್ಧಿ ಅವರದ್ದು. ಯುದ್ಧ ಶುರುವಾಗಿ ಆರು ತಿಂಗಳಾಗಿತ್ತು, ಸಮುದ್ರದಲ್ಲಿ ಹಡಗು ಮುಳುಗಿಸುತ್ತಾರಂತೆ ಎಂದು ಪೇಪರಿನಲ್ಲಿ ಬರುತ್ತಿತ್ತು. ಅಳಿಯನ ಮೇಲೆ ಕೋಪವಿದ್ದರೂ ಸರಕಿನ ಮೇಲೆ ಅವರಿಗೆ ಕೋಪವಿಲ್ಲ. "ಅರಸೀಕೆರೆಗೆ ಕೊಬ್ಬರಿ ಕಳಿಸ್ಬೇಕಾದ್ರೆ ನಾನು ಯಾವತ್ತೂ ಎರಡು ಗಾಡಿ ಕಟ್ಸೋದು. ಒಂದ್ರ ಅಚ್ಚು ಮುರುದ್ರೂ ಇನ್ನೊಂದು ಸೇರ್‍ಕತ್ತದೆ. ಎರಡು ಹಡಗಲ್ಲಿ ಕಳ್ಸಿ ಅಂತ ಬರೀರಿ" ಎಂದು ಅವರು ಹೇಳಿದ್ದರು, ಪಾಲಾಕ್ಷ ಬರೆಸಿದ್ದ. ಜೊತೆಗೆ ನೂರಕ್ಕೆ ಐದು ಪುಕ್ಕಟೆ ಕೊಸರನ್ನೂ ಬರೆಸಿದ್ದ. ಕೊಸರಿಲ್ಲದೆ ಕಾಯಿ ವ್ಯಾಪಾರ ಮಾಡಿದವರು ಆ ತಾಲ್ಲೂಕಿನಲ್ಲಿ ಯಾರೂ ಇಲ್ಲ.

"ನಾನ್ ಹೇಳಿದ್ದು ಅರ್ಧರ್ಧ ಮಾಡ್ಲಿ ಅಂತ" ಎಂದರು ಗಂಗಾಧರಯ್ಯ.

"ಅರ್ಧಾನೇ ಅಲ್ವೇ ಮಾಡಿರೋದು? ಮೇಲರ್ಧ, ಕೆಳಗರ್ಧ" ಎಂದ ಕೆಂಪಣ್ಣ.

ಪಾಲಾಕ್ಷನಿಗೆ ಅವನನ್ನು ಪೆಟ್ಟಿಗೆಯೊಳಗೆ ಹಾಕಿ ಮೊಳೆ ಹೊಡೆಯಬೇಕು ಅನ್ನಿಸಿತು. ಅಷ್ಟರಲ್ಲಿ ಸಲಹೆಗಳು ಶುರುವಾದವು. ಬಾಳೆಲೆ ಮುಚ್ಚಿ ನಾರಿನಲ್ಲಿ ಕಟ್ಟು ಎಂದರು ಒಬ್ಬರು. ಕರಟ ಕವುಚು, ನಿಮ್ಮ ಮಾವನ ಮಂಡಿಯಲ್ಲಿ ಬೇಕಾದಷ್ಟಿದೆ ಎಂದರು ಇನ್ನೊಬ್ಬರು. ಪಾಲಾಕ್ಷ ಯಾವುದಕ್ಕೂ ಒಪ್ಪಲಿಲ್ಲ. ಬಾಳೆಲೆಯ ಮೇಲೆ ಹೆಸರು ಅಚ್ಚು ಹಾಕಲು ಆಗುತ್ತದೆಯೆ? ಹೆಸರೆಲ್ಲ ಇದ್ದದ್ದು ಮುಚ್ಚಳದ ಮೇಲೆ. 'ಪಾಲಾಕ್ಷನ ಕೊಬ್ಬರಿ ಮಿಠಾಯಿ, ಚನ್ನರಾಯಪಟ್ಟಣ' ಎಂದು ದುಂಡು ಅಕ್ಷರದಲ್ಲಿ ಬರೆಸಿ ಕಳಿಸಿದ್ದ. ಡಬ್ಬದ ಮೈಮೇಲೂ ಹಾಕಿಸೋಣವೇ ಎಂದು ಮೇಷ್ಟ್ರು ಕೇಳಿದಾಗ, "ಮಗ್ಗುಲು ಯಾರ್ ನೋಡ್ತಾರೆ ಸಾ, ಎಲ್ರೂ ನೋಡೋದು ತಲೇನೇ" ಎಂದಿದ್ದವನು ಅವನೇ.

ಹತ್ತು ಗಂಟೆಗೆ ಟಪಾಲಿನ ಲಕ್ಕಯ್ಯ ಬಂದ. ಅವನ ಕೈಯಲ್ಲಿ ರೈಲ್ವೆಯ ಕಾಗದ. ಎರಡನೆಯ ಪೆಟ್ಟಿಗೆ ಹಾಸನದ ಗೂಡ್ಸ್ ಷೆಡ್ಡಿಗೆ ನಿನ್ನೆಯೇ ಬಂದು ಕೂತಿದೆ!

"ಬದುಕ್ದೆ ಕಣೇ!" ಎಂದು ಪಾಲಾಕ್ಷ ಹೆಂಡತಿ ನೀಲಾಂಬಿಕೆಗೆ ಕೂಗಿದ. "ನೀನು ಅಷ್ಟೂ ಡಬ್ಬಕ್ಕೆ ಮಿಠಾಯಿ ತುಂಬ್ಸಿಡು. ನಾನ್ ಹೋಗಿ ಮುಚ್ಚಳ ತಂದ್ಬುಡ್ತೀನಿ." ಹೆಗಲಿಗೆ ಟವೆಲ್ಲು ಎಸೆದುಕೊಂಡು ಓಡಿಹೋಗಿ, ಹೊರಟಿದ್ದ ಬಸ್ಸಿಗೆ ಜೋತುಬಿದ್ದ.

ಮದುವೆ ಇರುವುದು ಹಾಸನದಲ್ಲಿ, ಮುಚ್ಚಳ ಇರುವುದು ಹಾಸನದಲ್ಲಿ. ಡಬ್ಬವನ್ನೇ ಅಲ್ಲಿಗೆ ಒಯ್ದರೆ ಆಗುತ್ತಿರಲಿಲ್ಲವೆ ಎಂದು ನೀವು ಕೇಳುತ್ತೀರಿ. ನೀಲಾಂಬಿಕೆಯೂ ಅದನ್ನೇ ಕೇಳಿದಳು. ಆದರೆ ಆಗ ಬಸ್ಸು ಕೆರೆ ಏರಿ ದಾಟಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಹಾಸನದ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರು ಊಟಕ್ಕೆ ಹೋಗಿದ್ದರು. ಪಾಲಾಕ್ಷ ಕಂಬಿ ಬಾಗಿಲಿನ ಸಂದಿಯಿಂದ ತನ್ನ ಪೆಟ್ಟಿಗೆಯನ್ನು ಕಂಡ. ಕೈ ಚಾಚಿದರೆ ಬೆರಳ ತುದಿ ತಾಗುತ್ತಿತ್ತು. ಒಂದು ಗಂಟೆಯಾಯಿತು, ಎರಡಾಯಿತು. ಗುಮಾಸ್ತರು ಬಂದರು, ಕೂತರು, ನಶ್ಯ ಏರಿಸಿದರು.

"ಏನಯ್ಯ ಇದರಲ್ಲಿ?"

"ಮುಚ್ಚಳ ಸಾ."

"ಯಾವುದರ ಮುಚ್ಚಳ?"

"ಡಬ್ಬದ್ದು ಸಾ."

"ಡಬ್ಬ ಎಲ್ಲಿ?"

"ಊರಲ್ಲಿ ಸಾ."

ಗುಮಾಸ್ತರು ಕನ್ನಡಕದ ಮೇಲಿನಿಂದ ಅವನನ್ನು ಬಹಳ ಹೊತ್ತು ನೋಡಿದರು. ಯುದ್ಧದ ಕಾಲ, ಜಪಾನಿನಿಂದ ಬರೀ ಮುಚ್ಚಳ ತರಿಸುವವನು ಎಂಥವನಿರಬಹುದು ಎಂದು ಯೋಚಿಸಿರಬೇಕು. ಕೊನೆಗೆ ಪೆಟ್ಟಿಗೆ ಬಿಚ್ಚಿಸಿ, ಒಂದು ಮುಚ್ಚಳ ಎತ್ತಿ ಹಿಂದೆ ಮುಂದೆ ತಿರುಗಿಸಿ, ಹೆಸರು ಓದಿ, "ಮಿಠಾಯಿಯೋ? ಮೊದಲೇ ಹೇಳಬಾರದೆ!" ಎಂದು ರುಜು ಹಾಕಿದರು. ಇನ್ನೂರಹತ್ತು ಮುಚ್ಚಳ, ಒಂದೂ ಕಮ್ಮಿಯಿಲ್ಲ. ತನ್ನ ಹೆಸರನ್ನು ಅಷ್ಟು ಸಲ ಒಟ್ಟಿಗೆ ಕಂಡು ಪಾಲಾಕ್ಷನ ಕಣ್ಣಲ್ಲಿ ನೀರು ಬಂತು.

ಆಗ ಮೂರು ಗಂಟೆ. ಚನ್ನರಾಯಪಟ್ಟಣದ ಬಸ್ಸು ಹೊರಡುವುದರಲ್ಲಿತ್ತು. ಪೆಟ್ಟಿಗೆಯನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿ ಕಿಟಕಿ ಪಕ್ಕ ಕೂತ. ನಾಲ್ಕೂವರೆಗೆ ಊರು, ಮುಚ್ಚಳ ಹಾಕಲು ಅರ್ಧ ಗಂಟೆ, ಆಮೇಲೆ ಬಾಡಿಗೆ ಕಾರು ಹಿಡಿದರೂ ಹಾಸನ ಸೇರಲು ಆರಾಗುತ್ತದೆ. ಈ ಲೆಕ್ಕ ಅವನಿಗೆ ಹೊಳೆದದ್ದು ಬಸ್ಸು ನಾಲ್ಕು ಮೈಲಿ ಬಂದ ಮೇಲೆ. ಮಂಡಿಯ ಮೂಲೆ, ಕಾಯಿ ಸುಲಿಯುವ ಸದ್ದು, "ಅಳಿಯಂದ್ರೇ" ಎನ್ನುವ ಆ ದನಿ ಎಲ್ಲ ಕಿವಿಗೆ ಬಂದವು.

ಶಾಂತಿಗ್ರಾಮದ ಹತ್ತಿರ ಎದುರಿನಿಂದ ಇನ್ನೊಂದು ಬಸ್ಸು ಬಂತು. ರಸ್ತೆ ಇಕ್ಕಟ್ಟು. ಎರಡೂ ಬಸ್ಸು ಮೈಗೆ ಮೈ ತಾಗುವ ಹಾಗೆ ಮೆಲ್ಲಗೆ ಸರಿದವು. ಪಾಲಾಕ್ಷ ತಲೆ ಎತ್ತಿ ನೋಡಿದ. ಆ ಬಸ್ಸಿನ ತಲೆಯ ಮೇಲೆ ಅವನ ಪೆಟ್ಟಿಗೆ! ಒಳಗೆ ಕಿಟಕಿ ಪಕ್ಕ ಅವನ ಮಾವ!

"ಮಾವಯ್ಯಾ! ಎಲ್ಲಿಗೆ?"

"ಹಾಸನಕ್ಕೆ! ನೀವಲ್ಲಿ ಕಾಯ್ತಾ ಇರ್‍ತೀರಿ ಅಂತ ಡಬ್ಬ ತತ್ತಾ ಇದೀನಿ! ನೀವೆಲ್ಲಿಗೆ ಹೊಂಟ್ರಿ?"

ಪಾಲಾಕ್ಷನ ಉತ್ತರ ಧೂಳಿನಲ್ಲಿ ಹೋಯಿತು. ಡಬ್ಬ ಪಡುವಣಕ್ಕೆ, ಮುಚ್ಚಳ ಮೂಡಣಕ್ಕೆ. "ನಿಲ್ಸ್ರಪ್ಪೋ!" ಎಂದು ಅವನು ಕಿರುಚಿದ ರಭಸಕ್ಕೆ ಡ್ರೈವರು ಬ್ರೇಕು ಹಾಕಿದ. ಪೆಟ್ಟಿಗೆ ಇಳಿಸಿಕೊಂಡು ರಸ್ತೆ ಬದಿಯ ಹುಣಿಸೆಮರದ ಕೆಳಗೆ ನಿಂತ. ಬಸ್ಸಿಲ್ಲ, ಕಾರಿಲ್ಲ. ಕೊನೆಗೆ ಸಿಕ್ಕಿದ್ದು ಹಾಸನಕ್ಕೆ ಮಡಕೆ ಒಯ್ಯುತ್ತಿದ್ದ ಎತ್ತಿನ ಗಾಡಿ. ಗಾಡಿಯವನು ಹತ್ತಿಸಿಕೊಂಡ, ಆದರೆ ಎತ್ತು ಓಡಿಸಲು ಒಪ್ಪಲಿಲ್ಲ. "ಓಡ್ಸುದ್ರೆ ಮಡ್ಕೆ ಒಡೀತವೆ ಕಣಪ್ಪ. ನಿನ್ ಮುಚ್ಲ ಒಡಿಯಾಕಿಲ್ಲ, ನಿಂಗೇನು?" ಎಂದ. ಎರಡು ಮೈಲಿ ಹಾಗೆ ತೆವಳಿದ ಮೇಲೆ ಪುಣ್ಯಕ್ಕೆ ಒಂದು ಲಾರಿ ಬಂತು. ಲಾರಿಯ ತುಂಬ ತೆಂಗಿನಕಾಯಿ, ಅದರ ಹಲಗೆಯ ಮೇಲೆ ಮಾವನ ಮಂಡಿಯ ಹೆಸರು. ಮಾನ ಬಿಟ್ಟು ಪಾಲಾಕ್ಷ ಕಾಯಿ ರಾಶಿಯ ಮೇಲೆ ಹತ್ತಿ ಕೂತ.

ಮದುವೆ ಮನೆಯ ಚಪ್ಪರದೊಳಕ್ಕೆ ಪೆಟ್ಟಿಗೆ ಹೊತ್ತು ನುಗ್ಗಿದಾಗ ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇನ್ನೂ ಎರಡು ನಿಮಿಷ. ಗೆದ್ದೆ ಎಂದುಕೊಂಡ. ಉಸಿರು ತಿರುಗಿಸಿಕೊಂಡು ನೋಡಿದರೆ, ಬಂದಿಳಿದ ಬೀಗರೆಲ್ಲ ಸಾಲಾಗಿ ಕೂತಿದ್ದಾರೆ. ಪ್ರತಿಯೊಬ್ಬರ ಕೈಯಲ್ಲೂ ಕೆಂಪು ಹೂವಿನ ಬಳ್ಳಿಯ ಡಬ್ಬ. ಅದನ್ನು ಬಾಯಿಗಿಟ್ಟು ಪಾನಕ ಕುಡಿಯುತ್ತಿದ್ದಾರೆ!

"ಬನ್ನಿ ಬನ್ನಿ ಪಾಲಾಕ್ಷಯ್ಯ!" ವಕೀಲ ಚನ್ನಬಸವಯ್ಯನವರು ಎರಡೂ ಕೈ ಹಿಡಿದುಕೊಂಡರು. "ಮಾನ ಉಳಿಸಿದಿರಿ. ನಾವು ಲೋಟ ಬಾಡಿಗೆಗೆ ಹೇಳಿದ್ದವನು ಕೈಕೊಟ್ಟಿದ್ದ. ಅಷ್ಟರಲ್ಲಿ ನಿಮ್ಮ ಮಾವನವರು ಈ ಜಪಾನ್ ಲೋಟ ತಂದರು ನೋಡಿ. ಬೀಗರು ಮನೆಗೇ ಒಯ್ಯುತ್ತಾರಂತೆ!"

"ಒಳಗಿದ್ದ ಮಿಠಾಯಿ?"

"ಹರಿವಾಣಕ್ಕೆ ಸುರಿದು ಹಂಚಿದೆವು. ಬಹಳ ಚೆನ್ನಾಗಿತ್ತು. ಎಲ್ಲರೂ ಕೇಳಿದರು, ಯಾರು ಮಾಡಿದ್ದು ಅಂತ. ಅಡಿಗೆಯವನೇ ಮಾಡಿರಬೇಕು ಅಂದುಕೊಂಡರು."

ಪಾಲಾಕ್ಷ ತನ್ನ ಪೆಟ್ಟಿಗೆಯನ್ನು ನೋಡಿದ. ಇನ್ನೂರಹತ್ತು ಸಲ ಅವನ ಹೆಸರು ಅದರೊಳಗೆ ಕೂತಿತ್ತು. "ಮುಚ್ಚಳ ತಂದಿದೀನಿ" ಎಂದ.

"ಲೋಟಕ್ಕೆ ಮುಚ್ಚಳ ಯಾರು ಹಾಕ್ತಾರೆ ಸ್ವಾಮಿ?" ವಕೀಲರು ನಕ್ಕರು. "ಇನ್ನೂ ಐನೂರು ಬೇಕು ಅಂತ ಬೀಗರ ಆಸೆ. ನಿಮ್ಮ ಮಾವನವರು ಒಪ್ಪಿಕೊಂಡರು."

ಚಪ್ಪರದ ಮೂಲೆಯಲ್ಲಿ ಗಂಗಾಧರಯ್ಯನವರ ಟವೆಲ್ಲಿನ ಕೆಳಗೆ ಅವರ ಕೈ, ಬೀಗರ ಕೈ. ಕಾಯಿ ವ್ಯಾಪಾರದ ಹಾಗೆ ಬೆರಳು ಹಿಡಿದು ದರ ಮುಗಿಯುತ್ತಿತ್ತು. ಅಳಿಯನನ್ನು ಕಂಡು ಅವರು ಎದ್ದು ಬಂದರು. ಮುಖದಲ್ಲಿ ನಿಜವಾದ ಅಕ್ಕರೆಯಿತ್ತು, ಅದೇ ತಡೆಯಲಾರದ್ದು.

"ಮಾವಯ್ಯ, ಐದು ಗಂಟೆಗೆ ಮುಂಚೆ ಬಂದಿದೀನಿ."

"ಬಂದಿದೀರಿ, ನಾನೂ ಸುಳ್ಳು ಹೇಳಾಕಿಲ್ಲ. ಆದ್ರೆ ಮಾತು ಆಗಿದ್ದು ಇನ್ನೂರು ಡಬ್ಬ ಮಿಠಾಯಿ ಅಂತ. ಇಲ್ಲಿ ಡಬ್ಬದಲ್ಲಿ ಮಿಠಾಯಿ ಎಲ್ಲದೆ, ತೋರ್‍ಸಿ ನೋಡನ."

ಪಾಲಾಕ್ಷ ಚಪ್ಪರವನ್ನೆಲ್ಲ ಕಣ್ಣಾಡಿಸಿದ. ಎಲ್ಲೆಲ್ಲೂ ಪಾನಕ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಬೀಗರ ಬಾಯಿಗೆ ಹೋಯಿತು.

ಮಾರನೆಯ ಬೆಳಿಗ್ಗೆ ಮಂಡಿಯಲ್ಲಿ ಅವನಿಗೊಂದು ಚಾಪೆ, ಒಂದು ಮೇಜುಪೆಟ್ಟಿಗೆ ಸಿದ್ಧವಾಗಿದ್ದವು. ಮಸಿಕುಡಿಕೆಗೆ ಧೂಳು ಬೀಳದ ಹಾಗೆ ನೀಲಾಂಬಿಕೆ ಹೊಸ ಮುಚ್ಚಳ ಹಾಕಿ ಕಳಿಸಿದ್ದಳು: 'ಪಾಲಾಕ್ಷನ ಕೊಬ್ಬರಿ ಮಿಠಾಯಿ'. ಗುಂಡಯ್ಯ ಮೇಷ್ಟ್ರು ಪಕ್ಕದಲ್ಲಿ ಲೇಖನಿ ಹಿಡಿದು ಕೂತಿದ್ದರು.

"ಜಪಾನಿನೋರಿಗೆ ಬರೆಸಿ ಅಳಿಯಂದ್ರೇ" ಎಂದರು ಗಂಗಾಧರಯ್ಯ, ಎಲೆಗೆ ಸುಣ್ಣ ಹಚ್ಚುತ್ತ. "ಐನೂರು ಡಬ್ಬ. ಮುಚ್ಚಳ ಬ್ಯಾಡ. ಕೊಸರು ಮಾತ್ರ ಮರೀಬ್ಯಾಡಿ."

ಪಾಲಾಕ್ಷ ಬರೆಸಿದ. ಎರಡೂವರೆ ತಿಂಗಳಿಗೆ ಐನೂರು ಡಬ್ಬ ಬಂದವು, ಈ ಸಲ ಒಂದೇ ಹಡಗಿನಲ್ಲಿ, ಒಂದೇ ಪೆಟ್ಟಿಗೆಯಲ್ಲಿ. ಅವುಗಳ ಮೇಲೆ ಒಂದು ಸಣ್ಣ ಕಟ್ಟು, ಅದಕ್ಕೊಂದು ಚೀಟಿ. ಮೇಷ್ಟ್ರು ಓದಿದರು: "ಕೊಸರು ಎಂದರೆ ತಮ್ಮ ಪದ್ಧತಿಯಲ್ಲಿ ದಾನವೆಂದು ಈಗ ತಿಳಿಯಿತು. ಹೋದ ಸಲದ ಹೆಸರಿನ ಅಚ್ಚು ನಮ್ಮಲ್ಲೇ ಉಳಿದಿದ್ದರಿಂದ ಕೊಸರಾಗಿ ಇಪ್ಪತ್ತೈದು ಮುಚ್ಚಳ ಕಳಿಸಿದ್ದೇವೆ."